ಮೂರು ಮಾತ್ರೆ, ನಾಲ್ಕು ಮಾತ್ರೆ

ಕನ್ನಡದಲ್ಲಿ ‘ನಡೆ’ ಎಂಬ ಮಾತು ಹೊರುವಷ್ಟು ಹೊರೆಯನ್ನು ಬೇರೆ ಮಾತುಗಳು ಹೊರುವುದು ಅಪೂರ್ವ. ಹೆಜ್ಜೆಯಿಟ್ಟು ಮುಂದೆ ಹೋಗುವುದೂ ನಡೆ, ಬಾಳುವ ರೀತಿಯೂ ನಡೆ. ಸಜ್ಜನರನ್ನು ಹೊಗಳುವಾಗ ಅವರ ನಡೆನುಡಿಗಳನ್ನು ಒಟ್ಟಿಗೇ ಹೊಗಳುತ್ತೇವೆ. ಸಂಸಾರ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಮದುವೆ ನಡೆಯುತ್ತದೆ. ಪದ್ಯಕ್ಕೂ ಒಂದು ನಡೆಯುಂಟು. ಅದರ ಒಂದೊಂದು ಸಾಲಿಗೂ ‘ಪಾದ’ವೆಂದೇ ಹೆಸರು. ಹೀಗಿರುವಾಗ ಒಬ್ಬ ಮನುಷ್ಯನ ನಡೆ ಕೆಟ್ಟಿತೆಂದರೆ ಅವನ ಕಾಲೊಂದೇ ಕೆಟ್ಟಂತಾಗುವುದಿಲ್ಲ. ಅವನ ದಿನಚರಿ, ಅವನ ಸ್ನೇಹ, ಅವನ ಮರ್ಯಾದೆ, ಇವೆಲ್ಲವೂ ಒಂದಿಷ್ಟು ಓರೆಯಾಗುತ್ತವೆ.

ಮಾನ್ಯ ಶ್ರೋತೃಗಳೆ, ಮೂವತ್ತನಾಲ್ಕು ವರ್ಷ ತರಗತಿಗಳಲ್ಲಿ ನಿಂತು ಪದ್ಯದ ಪಾದಗಳ ಲೆಕ್ಕವನ್ನು ಹೇಳಿಕೊಟ್ಟವನು ನಾನು. ಮೂರು ವರ್ಷಗಳ ಹಿಂದೆ, ನನ್ನ ಅರುವತ್ತಮೂರನೆಯ ವಯಸ್ಸಿನಲ್ಲಿ, ಸವೆದು ಹೋಗಿದ್ದ ನನ್ನ ಬಲಸೊಂಟದ ಕೀಲನ್ನು ತೆಗೆದು ಹೊಸ ಕೀಲನ್ನು ಕೂಡಿಸಿದರು. ನಾನು ವೈದ್ಯನಲ್ಲ, ವೈದ್ಯಶಾಸ್ತ್ರವನ್ನು ಬೋಧಿಸುವ ಅಧಿಕಾರವೂ ನನಗಿಲ್ಲ. ಆದರೆ ಚಿಕಿತ್ಸೆಯ ಮುಂಚಿನ ನೋವನ್ನು ಕುರಿತು ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಚಿಕಿತ್ಸೆ ಸಫಲವಾಯಿತೆಂದು ಎಲ್ಲರೂ ಒಪ್ಪಿಕೊಂಡ ಮೇಲೆಯೂ ಉಳಿಯುವ ನೋವನ್ನು ಕುರಿತು ಮಾತನಾಡುವವರು ಕಡಮೆ. ಆ ಕೊರತೆಯನ್ನು ಅಷ್ಟೋ ಇಷ್ಟೋ ತುಂಬುವುದಷ್ಟೇ ಈ ಭಾಷಣದ ಉದ್ದೇಶ.

ತೊಡೆಗೆ ಸಂಸ್ಕೃತದಲ್ಲಿ ‘ಊರು’ ಎಂದು ಹೆಸರು. ನಮ್ಮ ರನ್ನನ ಗದಾಯುದ್ಧದಲ್ಲಿ ದುರ್ಯೋಧನನ ಊರುಭಂಗವಾಗುವುದಕ್ಕೆ ಭೀಮನ ಗದೆ ಬೇಕಾಯಿತು. ನನಗೆ ಯಾವ ಭೀಮನೂ ಬೇಕಾಗಲಿಲ್ಲ. ತೊಡೆಯೆಲುಬಿನ ತುದಿಯಲ್ಲಿ ಒಂದು ಚೆಂಡು. ಅದು ಕೂರುವುದಕ್ಕೆ ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು. ಎರಡರ ನಡುವೆ ನುಣುಪಾದ ಮೃದುವಾದ ಎಲುಬಿನ ಹೊದಿಕೆ. ವರ್ಷಾಂತರಗಳಲ್ಲಿ ಆ ಹೊದಿಕೆ ತಾನಾಗಿಯೇ ಸವೆದು, ಮೂಳೆಗೆ ಮೂಳೆ ತಾಗತೊಡಗಿತು. ಎಂಟು ವರ್ಷ ಕುಂಟುತ್ತಲೇ ಪಾಠ ಹೇಳಿದೆ. ಕೊನೆಗೆ ರಾತ್ರಿಯ ನಿದ್ರೆಯೂ ಹೋದಾಗ ಶಸ್ತ್ರಚಿಕಿತ್ಸೆಯಾಯಿತು.

ಈ ಚಿಕಿತ್ಸೆಯ ಚರಿತ್ರೆ ಕುತೂಹಲಕರವಾದುದು. 1890ರ ಸುಮಾರಿನಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ ಆನೆಯ ದಂತದಿಂದ ಕೀಲುಗಳನ್ನು ಮಾಡಿಸಿ ರೋಗಿಗಳಿಗೆ ಕೂಡಿಸಿ ನೋಡಿದ. ಅವು ಬಹುಕಾಲ ನಿಲ್ಲಲಿಲ್ಲ. ಇಂದಿನ ಕೀಲಿಗೆ ನಿಜವಾದ ಅಡಿಪಾಯ ಹಾಕಿದವನು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಅವನು ಮೊದಲು ಟೆಫ್ಲಾನಿನ ಬಟ್ಟಲುಗಳನ್ನು ಬಳಸಿದ. ಕೆಲವೇ ವರ್ಷಗಳಲ್ಲಿ ಅವು ಸವೆದು, ರೋಗಿಗಳು ನೋವಿನಿಂದ ಮರಳಿ ಬಂದರು. ಚಾರ್ನ್‌ಲಿ ಎದೆಗುಂದಲಿಲ್ಲ. ಆ ವಸ್ತುವಿನ ಚೂರನ್ನೂ ಪಾಲಿಥಿಲೀನ್ ಎಂಬ ಇನ್ನೊಂದು ವಸ್ತುವಿನ ಚೂರನ್ನೂ ತನ್ನ ತೊಡೆಯೊಳಗೇ ಇರಿಸಿಕೊಂಡು ಪರೀಕ್ಷೆ ಮಾಡಿಕೊಂಡ. 1962ರ ನವೆಂಬರಿನಲ್ಲಿ ಪಾಲಿಥಿಲೀನಿನ ಬಟ್ಟಲನ್ನು ಕೂಡಿಸಲಾರಂಭಿಸಿದ. ಅಲ್ಲಿಂದೀಚೆಗೆ ಲಕ್ಷಾಂತರ ಜನ ಹಾಸಿಗೆಯಿಂದೆದ್ದು ನಡೆದಿದ್ದಾರೆ. 2007ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು. 2019ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ, ಇಪ್ಪತ್ತೈದು ವರ್ಷ ಕಳೆದ ಮೇಲೂ ನೂರಕ್ಕೆ ಸುಮಾರು 58 ಕೀಲುಗಳು ಕೆಲಸ ಮಾಡುತ್ತಿರುತ್ತವೆ. ಇದು ಸಣ್ಣ ಸಾಧನೆಯಲ್ಲ. ನನ್ನ ಆ ಹಳೆಯ ನೋವು, ಮೂಳೆಗೆ ಮೂಳೆ ಉಜ್ಜುವ ಆ ಇರುಳಿನ ನೋವು, ಶಸ್ತ್ರಚಿಕಿತ್ಸೆಯ ಮಾರನೆಯ ದಿನವೇ ಹೋಯಿತು. ಈ ಉಪಕಾರವನ್ನು ಮೊದಲು ಸ್ಮರಿಸಿಯೇ ಮುಂದಿನ ಮಾತನ್ನು ಹೇಳಬೇಕು.

ಆದರೆ ಶತಮಾನದ ಶಸ್ತ್ರಚಿಕಿತ್ಸೆಯೂ ಎಲ್ಲರಿಗೂ ಒಂದೇ ಫಲವನ್ನು ಕೊಡುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ನೂರಕ್ಕೆ 7ರಿಂದ 23 ಜನರಿಗೆ ಬಹುಕಾಲ ಗಮನಾರ್ಹವಾದ ನೋವು ಉಳಿದಿರುತ್ತದೆಂದು ತಿಳಿಸಿತು. ನಾನು ಆ ಗುಂಪಿಗೆ ಸೇರಿದವನು. ವರ್ಷ ಕಳೆದರೂ ತೊಡೆಯ ಹೊರಬದಿಯಲ್ಲಿ ಒಂದು ಮೊಂಡುನೋವು ನಿಂತಿತು. ನಡೆಯುವಾಗ ಮೈ ಬಲಕ್ಕೆ ವಾಲುವುದು ನಿಲ್ಲಲಿಲ್ಲ.

ಇಂಥವನ ಪಾಡು ವಿಚಿತ್ರವಾದುದು. ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ವೈದ್ಯರು, “ಬಹಳ ಚೆನ್ನಾಗಿ ಕೂತಿದೆ” ಎನ್ನುತ್ತಾರೆ. ಅದು ಸತ್ಯ. ಚಿತ್ರದಲ್ಲಿ ಲೋಹ ಕಾಣುತ್ತದೆ, ಮೂಳೆ ಕಾಣುತ್ತದೆ; ನೋವು ಕಾಣುವುದಿಲ್ಲ. ಮನೆಗೆ ಬಂದ ಬಂಧುಗಳು ಕಾಫಿ ಕುಡಿಯುತ್ತ, “ನಮ್ಮ ಅತ್ತೆಯವರಿಗೂ ಇದೇ ಆಪರೇಷನ್ ಆಯ್ತಲ್ಲ, ಮೂರೇ ತಿಂಗಳಿಗೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದ್ರು” ಎನ್ನುತ್ತಾರೆ. ಆ ಅತ್ತೆಯವರು ಹತ್ತಿರಲೂಬಹುದು. ಆದರೆ ಆ ಕಥೆಯನ್ನು ಕೇಳಿದವನಿಗೆ ತನ್ನ ಕಾಲಿನ ಮೇಲಲ್ಲ, ತನ್ನ ಮೇಲೆಯೇ ಅನುಮಾನ ಹುಟ್ಟುತ್ತದೆ. ಎಲ್ಲ ಸರಿಯಾಗಿದೆ ಎಂದ ಮೇಲೆ ಈ ನೋವು ಎಲ್ಲಿಂದ ಬಂತು? ಇದು ಮನಸ್ಸಿನ ಕಲ್ಪನೆಯೇ? ಕೃತಘ್ನತೆಯೇ? ಹೀಗೆ ತನ್ನಲ್ಲೇ ವಾದ ಹೂಡಿಕೊಂಡು, ಕೊನೆಗೆ ಯಾರಾದರೂ ಕೇಳಿದರೆ, “ಪರವಾಗಿಲ್ಲ, ಚೆನ್ನಾಗಿದ್ದೇನೆ” ಎಂದುಬಿಡುವುದು ರೂಢಿಯಾಗುತ್ತದೆ. ನೋವಿಗಿಂತ ಈ ಮೌನವೇ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ ಎಂದು ನನ್ನ ಅನುಭವ.

ಆದುದರಿಂದ ಮೊದಲನೆಯ ಮಾತು ಇದು: ಉಳಿದ ನೋವಿಗೆ ಹೆಸರು ಹೇಳಬೇಕು, ವಿಳಾಸ ಹೇಳಬೇಕು. ಪತ್ರಕ್ಕೆ ಊರು, ಬೀದಿ, ಮನೆಯ ನಂಬರು ಬೇಕಾಗುವಂತೆ ನೋವಿಗೂ ಬೇಕು. “ಕಾಲು ನೋಯುತ್ತದೆ” ಎಂದಷ್ಟೇ ಹೇಳಿದರೆ ವೈದ್ಯರು ಏನು ಮಾಡಿಯಾರು? ತೊಡೆಯ ಸಂದಿಯಲ್ಲಿ, ಅದೂ ಕಾಲನ್ನೆತ್ತಿ ಕಾರಿನೊಳಗೆ ಇಡುವಾಗ ಅಥವಾ ಮೆಟ್ಟಿಲು ಹತ್ತುವಾಗ ನೋಯುವುದಾದರೆ, ಬಟ್ಟಲಿನ ಅಂಚಿಗೆ ಉಜ್ಜುವ ಸ್ನಾಯುರಜ್ಜು ಕಾರಣವಿರಬಹುದು. ಹೊರಬದಿಯಲ್ಲಿ, ಆ ಮಗ್ಗುಲಿಗೆ ಮಲಗಿದಾಗ ನೋಯುವುದಾದರೆ, ಅಲ್ಲಿಯ ಸ್ನಾಯುಗಳ ಬಂಧವೋ ಅದರ ಮೇಲಿನ ನೀರಚೀಲವೋ ಕೆರಳಿರಬಹುದು. ಕುಳಿತು ಎದ್ದ ಮೊದಲ ನಾಲ್ಕು ಹೆಜ್ಜೆಗಳಲ್ಲಿ ತೊಡೆ ಚುಚ್ಚಿದಂತಾಗಿ, ಅನಂತರ ಸರಿಹೋಗುವುದಾದರೆ, ಕೂಡಿಸಿದ ದಿಂಡು ಸಡಿಲವಾಗಿದೆಯೇ ಎಂದು ನೋಡಬೇಕಾಗುತ್ತದೆ. ಪೃಷ್ಠದಿಂದ ಹೊರಟು ಮೊಣಕಾಲನ್ನೂ ದಾಟಿ ಇಳಿಯುವ ನೋವು ಬಹುಮಟ್ಟಿಗೆ ಬೆನ್ನುಮೂಳೆಯ ಕಡೆಯಿಂದ ಬಂದ ಅತಿಥಿ. ಸೊಂಟದ ಮನೆಯಲ್ಲಿ ಇಳಿದುಕೊಂಡಿರುತ್ತದೆ, ಅಷ್ಟೆ. ಇನ್ನು ಜ್ವರ, ಗಾಯದಲ್ಲಿ ಒಸರುವ ಕೀವು, ಒಮ್ಮೆ ಪೂರ್ತಿ ಹೋಗಿದ್ದ ನೋವು ಮತ್ತೆ ಬರುವುದು, ವಿಶ್ರಾಂತಿಯಲ್ಲೂ ಬಿಡದ ನೋವು, ಇದ್ದಕ್ಕಿದ್ದಂತೆ ಕಾಲೂರಲಾಗದಿರುವುದು, ಇವು ಯಾವುವೂ ಮನೆಯಲ್ಲಿ ಕುಳಿತು ಸಹಿಸುವ ಲಕ್ಷಣಗಳಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾನು ಒಂದು ಚಿಕ್ಕ ನೋಟ್‌ಬುಕ್ಕನ್ನು ಇಟ್ಟುಕೊಂಡೆ. ನೋವು ಎಲ್ಲಿ, ಯಾವಾಗ, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಆ ದಿನ ಎಷ್ಟು ನಡೆದೆ, ಇಷ್ಟನ್ನೇ ಬರೆದೆ. ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟು ಕೊಟ್ಟು ಪಳಗಿದ ಕೈಗೆ ನೋವಿಗೂ ಅಂಕ ಕೊಡುವುದು ಕಷ್ಟವಾಗಲಿಲ್ಲ. ಎರಡು ತಿಂಗಳ ಆ ಲೆಕ್ಕವನ್ನು ಇನ್ನೊಬ್ಬ ವೈದ್ಯರ ಮುಂದಿಟ್ಟೆ. ಅವರು ಅದನ್ನು ಸಾವಧಾನವಾಗಿ ಓದಿದರು. ರಕ್ತಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡರು. ಕೀಲು ಸಡಿಲವಾಗಿಲ್ಲವೆಂದು ನೋಡಿದರು. ನಾನು ಆಗ ಅವರನ್ನು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ: ಮತ್ತೊಂದು ಬಾರಿ ಬಿಚ್ಚಿ ಸರಿಪಡಿಸಬಹುದೇ? ಇನ್ನೊಂದು ಶಸ್ತ್ರಚಿಕಿತ್ಸೆಗೆ ಮನಸ್ಸು ಸಿದ್ಧವಾಗಿತ್ತು. ಅದಕ್ಕೆ ಬೇಕಾಗುವ ಹಣವನ್ನೂ ಲೆಕ್ಕ ಹಾಕಿಟ್ಟಿದ್ದೆ. ಅವರು ತಲೆಯಲ್ಲಾಡಿಸಿದರು. “ಕಾರಣ ಸಿಕ್ಕಿದರೆ ಕತ್ತಿ ಹಿಡಿಯೋಣ. ಕಾರಣ ಸಿಗದೆ ಬಿಚ್ಚಿದರೆ ನೋವು ಹೋಗುತ್ತೆ ಅಂತ ನಾನು ಮಾತು ಕೊಡಲಾರೆ” ಎಂದರು. ಆ ದಿನ ಮನೆಗೆ ಬರುವಾಗ ನಿರಾಶೆಯಾದದ್ದು ನಿಜ. ಆದರೆ ಅನಂತರ ಯೋಚಿಸಿದರೆ, ಅದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲವೆನಿಸಿತು. ಕಾದು ನೋಡುವುದೂ ಒಂದು ಚಿಕಿತ್ಸೆಯೇ, ಕೈಕಟ್ಟಿಕೊಂಡು ಕಾಯದಿದ್ದರೆ.

ಇನ್ನು ಓಲಾಡುವ ನಡಿಗೆಯ ವಿಚಾರ. ನಮ್ಮ ಕವಿಗಳು ನಾಯಿಕೆಯನ್ನು ಹಂಸಗಮನೆ ಎಂದರು, ಗಜಗಮನೆ ಎಂದರು. ಹಂಸ ನೆಲದ ಮೇಲೆ ನಡೆಯುವುದನ್ನು ಕಂಡವರಿಗೆ ಗೊತ್ತು, ಅದು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ವಾಲಾಡಿಕೊಂಡೇ ಹೋಗುತ್ತದೆ. ಕಾವ್ಯದಲ್ಲಿ ಅದು ಶೃಂಗಾರ. ಆಸ್ಪತ್ರೆಯಲ್ಲಿ ಅದು ರೋಗಲಕ್ಷಣ! ಈ ವಾಲಾಟದ ಮರ್ಮವನ್ನು 1895ರಲ್ಲಿ ಬಿಡಿಸಿ ತೋರಿಸಿದವನು ಫ್ರೀಡ್ರಿಕ್ ಟ್ರೆಂಡಲೆನ್‌ಬರ್ಗ್ ಎಂಬ ಜರ್ಮನ್ ಶಸ್ತ್ರವೈದ್ಯ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಒಂದು ಕ್ಷಣ ಒಂಟಿಕಾಲಿನ ಮೇಲೆ ನಿಲ್ಲುತ್ತೇವೆ. ಆಗ ಸೊಂಟ ಇನ್ನೊಂದು ಕಡೆಗೆ ಕುಸಿಯದಂತೆ ಎಳೆದು ಹಿಡಿಯುವುದು ಪೃಷ್ಠದ ಹೊರಬದಿಯ ಸ್ನಾಯುಗಳು. ಅವು ಸೊರಗಿದರೆ ಸೊಂಟ ಎದುರು ಬದಿಗೆ ಕುಸಿಯುತ್ತದೆ. ಅದನ್ನು ತಪ್ಪಿಸಲು ಮನುಷ್ಯ ತನ್ನ ಮೈಯನ್ನೇ ನೊಂದ ಕಾಲಿನ ಕಡೆಗೆ ವಾಲಿಸುತ್ತಾನೆ.

ನನಗೆ ಈ ತತ್ತ್ವವನ್ನು ಸರಳಗನ್ನಡದಲ್ಲಿ ಬೋಧಿಸಿದವಳು ಅಂಗಸಾಧನೆ ಮಾಡಿಸುವ ಒಬ್ಬ ಯುವತಿ, ನನ್ನ ಮೊಮ್ಮಗಳಿಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು. “ಸಾರ್, ಕೀಲು ಹೊಸದು. ಸುತ್ತ ಇರೋ ಸ್ನಾಯು ಹಳೇದೇ. ಎಂಟು ವರ್ಷ ಅದು ರಜಾ ಹಾಕಿ ಕೂತಿದೆ. ಈಗ ಏಕಾಏಕಿ ಡ್ಯೂಟಿಗೆ ಬಾ ಅಂದ್ರೆ ಬರುತ್ತಾ?” ಎಂದು ಕೇಳಿದಳು. ಎಷ್ಟು ದೊಡ್ಡ ಮಾತು! ಚಿಕಿತ್ಸೆಗೆ ಮುಂಚಿನ ವರ್ಷಗಳಲ್ಲಿ ನೋವನ್ನು ತಪ್ಪಿಸಲು ದೇಹ ಕಲಿತ ಕುಂಟನ್ನು, ನೋವಿನ ಮೂಲ ಹೋದ ಮೇಲೂ ಅದು ಮರೆಯುವುದಿಲ್ಲ. ಬಾಯಿಪಾಠದಲ್ಲಿ ಬೇರೂರಿದ ತಪ್ಪು ಪಾಠಾಂತರದಂತೆ ಅದು ಮತ್ತೆ ಮತ್ತೆ ನಾಲಗೆಗೆ ಬರುತ್ತದೆ. ತಿದ್ದುವುದಕ್ಕೆ ಬಯ್ಗುಳ ಸಾಲದು, ಆವೃತ್ತಿ ಬೇಕು. ಒಳ್ಳೆಯ ಕಾಲಿನ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಹಿಡಿಯುವುದು. ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಚಾಚುವುದು. ಕನ್ನಡಿಯ ಮುಂದೆ ನಿಂತು, ಸೊಂಟದ ಪಟ್ಟಿ ಅಡ್ಡಗೆರೆಯಂತೆ ಸಮವಾಗಿದೆಯೇ ಎಂದು ನೋಡಿಕೊಂಡು, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುವುದು. ಇವು ನನಗೆ ಹೇಳಿಕೊಟ್ಟವು. ನಿಮಗೆ ಯಾವುದು ಹೊಂದುತ್ತದೆಂಬುದನ್ನು ನಿಮ್ಮ ಕಾಲನ್ನು ನೋಡಿದವರೇ ಹೇಳಬೇಕು. ನಡಿಗೆ ಒಂದು ವರ್ಷದವರೆಗೆ, ಕೆಲವರಲ್ಲಿ ಅದರಾಚೆಗೂ, ಸುಧಾರಿಸುತ್ತ ಹೋಗುತ್ತದೆ. ಮೂರು ತಿಂಗಳಿಗೇ ತೀರ್ಪು ಬರೆದುಬಿಡಬಾರದು.

ಎರಡನೆಯ ಕಾರಣ ಕಾಲಿನ ಉದ್ದ. ಕೀಲು ಭದ್ರವಾಗಿ ಕೂರಬೇಕಾದರೆ ಕೆಲವೊಮ್ಮೆ ಕಾಲು ಕೂದಲೆಳೆಯಷ್ಟೋ ಬೆರಳಗಲದಷ್ಟೋ ಉದ್ದವಾಗುವುದುಂಟು. ಇದರಲ್ಲಿ ನಿಜವಾದ ಉದ್ದವೆಷ್ಟು, ಬಿಗಿದ ಸ್ನಾಯುಗಳಿಂದ ಸೊಂಟ ಓರೆಯಾಗಿ ತೋರುವ ಉದ್ದವೆಷ್ಟು ಎಂದು ವಿಂಗಡಿಸಬೇಕು. ತೋರಿಕೆಯ ಉದ್ದ ಸ್ನಾಯುಗಳು ಸಡಿಲವಾದಂತೆ ತಿಂಗಳುಗಳಲ್ಲಿ ಇಳಿಯುತ್ತದೆ. ಆದುದರಿಂದಲೇ ಪಾದರಕ್ಷೆಗೆ ಎತ್ತರ ಕೂಡಿಸಲು ವೈದ್ಯರು ಅವಸರಪಡುವುದಿಲ್ಲ. ನನ್ನ ಕಾಲಿನಲ್ಲಿ ಕೊನೆಗೆ ಉಳಿದ ನಿಜವಾದ ವ್ಯತ್ಯಾಸ ಆರು ಮಿಲಿಮೀಟರು. ಎಡಗಡೆಯ ಚಪ್ಪಲಿಗೆ ಒಂದು ಪದರ ಹಾಕಿಸಬೇಕೆಂದು ಮಾರುಕಟ್ಟೆಯ ಮೂಲೆಯಲ್ಲಿ ಪಾದರಕ್ಷೆ ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆ. ವೈದ್ಯರ ಚೀಟಿಯನ್ನು ಅವರು ಬದಿಗಿಟ್ಟು, “ಸ್ವಾಮಿ, ಕಾಲಲ್ಲಿರೋ ಹಳೇ ಜೋಡು ಬಿಡಿ ನೋಡೋಣ” ಎಂದರು. ಮಗುಚಿ ನೋಡಿ, “ಬಲಗಡೇದು ಹೊರಅಂಚೇ ಸವೆದದೆ. ನೀವು ಆ ಕಡೀಗೇ ಬೀಳ್ತೀರಿ. ಒಂದೇ ಸಲಕ್ಕೆ ಪೂರಾ ಎತ್ತರ ಬ್ಯಾಡ, ಮೊದಲು ಅರ್ಧ ಹಾಕ್ತೀನಿ, ಕಾಲು ಒಪ್ಪಿಕೊಂಡ್ರೆ ಇನ್ನರ್ಧ” ಎಂದರು. ಚಪ್ಪಲಿಯ ಅಟ್ಟೆಯಲ್ಲಿ ಮನುಷ್ಯನ ನಡೆಯನ್ನು ಓದಬಲ್ಲ ಆ ವಿದ್ವಾಂಸರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಹಸ್ತಪ್ರತಿಯನ್ನು ಓದುವವರಿಗೂ ಇಷ್ಟು ಸೂಕ್ಷ್ಮವಾದ ಕಣ್ಣು ಇರಬೇಕು.

ಮೂರನೆಯದು ಊರುಗೋಲು. ಇದನ್ನು ಕುರಿತು ನಮ್ಮಲ್ಲಿ ಇರುವಷ್ಟು ಸಂಕೋಚ ಬೇರಾವುದರಲ್ಲೂ ಇಲ್ಲ. ಕೋಲು ಹಿಡಿದರೆ ಮುದುಕರಾದಂತೆ, ಸೋತಂತೆ ಎಂಬ ಭಾವನೆ. ಬೆಳಕು ಹರಿಯುವ ಮುಂಚೆ, ಗುರುತಿನವರು ಯಾರೂ ಎದುರಾಗದ ಹೊತ್ತಿನಲ್ಲಿ ಮಾತ್ರ ಕೋಲು ಹಿಡಿದು ತಿರುಗಾಡಿ ಬರುವವರನ್ನು ನಾನು ಬಲ್ಲೆ. 1956ರಲ್ಲಿ ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ ಇದೇ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದ. ಊರುಗೋಲನ್ನು ಎಸೆಯಬೇಡಿ ಎಂಬುದೇ ಅದರ ಶೀರ್ಷಿಕೆಯ ಅರ್ಥ. ಅದರ ಹಿಂದಿರುವುದು ತಕ್ಕಡಿಯ ನ್ಯಾಯ. ಒಂಟಿಕಾಲಿನಲ್ಲಿ ನಿಂತಾಗ ಮೈಭಾರ ಕೀಲಿನಿಂದ ದೂರದಲ್ಲಿ, ದೇಹದ ನಡುಗೆರೆಯಲ್ಲಿ ತೂಗುತ್ತದೆ. ಅದನ್ನು ಎಳೆದು ಹಿಡಿಯುವ ಸ್ನಾಯು ಕೀಲಿಗೆ ತೀರ ಸಮೀಪದಲ್ಲಿದೆ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡವಾದ ತಕ್ಕಡಿ ಇದು. ಗಿಡ್ಡ ತೋಳಿನ ಕಡೆಯಿಂದ ತೂಕ ಸರಿದೂಗಿಸಲು ಸ್ನಾಯು ಮೈಭಾರದ ಎರಡರಷ್ಟು ಎಳೆಯಬೇಕಾಗುತ್ತದೆ. ಎಲ್ಲವೂ ಸೇರಿ, 60 ಕಿಲೋ ತೂಗುವವನ ಸೊಂಟದ ಕೀಲಿನ ಮೇಲೆ ಹೆಜ್ಜೆಹೆಜ್ಜೆಗೂ 150ರಿಂದ 180 ಕಿಲೋಗಳಷ್ಟು ಭಾರ ಬೀಳುತ್ತದೆ. ಕೋಲನ್ನು ಎದುರು ಕೈಯಲ್ಲಿ, ಎಂದರೆ ಬಲಗಾಲು ನೋಯುವವನು ಎಡಗೈಯಲ್ಲಿ, ಹಿಡಿದರೆ ಅದು ಉದ್ದ ತೋಳಿನ ತುದಿಯಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಸ್ವಲ್ಪವೇ ಊರಿದರೂ ಕೀಲಿನ ಹೊರೆ ಬಹಳ ಇಳಿಯುತ್ತದೆ. ನೋಯುವ ಕಡೆಗೇ ಕೋಲು ಹಿಡಿಯುವವರು ನಮ್ಮಲ್ಲಿ ಹೆಚ್ಚು. ಅದರಿಂದ ಪ್ರಯೋಜನ ಕಡಮೆ. ಕೈಯನ್ನು ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ತುದಿಯಲ್ಲಿ ಸವೆಯದ ರಬ್ಬರಿನ ಬುಡವಿರಬೇಕು. ನಡಿಗೆ ನೇರವಾಗುವವರೆಗೆ ಅದನ್ನು ಬಿಡಬಾರದು. ಕೋಲಿಲ್ಲದೆ ಕುಂಟುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದು ಮೇಲು.

ಪುರಾಣಪ್ರಿಯರಿಗೆ ಇಲ್ಲೊಂದು ಸಮಾಧಾನವೂ ಉಂಟು. ಸೂರ್ಯನ ಸಾರಥಿ ಅರುಣನಿಗೆ ‘ಅನೂರು’ ಎಂದು ಇನ್ನೊಂದು ಹೆಸರು, ತೊಡೆಗಳಿಲ್ಲದವನು ಎಂದರ್ಥ. ತಾಯಿ ವಿನತೆ ಅವಸರಪಟ್ಟು ಮೊಟ್ಟೆಯನ್ನು ಹೊತ್ತಿಗೆ ಮುಂಚೆ ಒಡೆದುದರಿಂದ ಅವನ ಕೆಳಮೈ ಬೆಳೆಯದೆ ಉಳಿಯಿತು ಎಂಬುದು ಮಹಾಭಾರತದ ಕಥೆ. ಅಂಥವನು ತೇರು ಹೊಡೆಯುತ್ತಿರುವುದರಿಂದ ಯಾವ ದಿನವಾದರೂ ಬೆಳಗಾಗುವುದು ತಡವಾಗಿದೆಯೇ? ಅವಸರ ಕೂಡದೆಂಬ ಬುದ್ಧಿಯೂ, ಕಾಲಿಲ್ಲದವನಿಗೂ ಕಾಯಕ ಉಂಟೆಂಬ ಧೈರ್ಯವೂ ಆ ಒಂದೇ ಕಥೆಯಲ್ಲಿವೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ನಷ್ಟಗಳು ಉಳಿಯುತ್ತವೆ. ನಮ್ಮ ಬಾಳು ನೆಲಕ್ಕೆ ಹತ್ತಿರವಾದ ಬಾಳು. ಊಟದ ಪಂಕ್ತಿ ನೆಲದ ಮೇಲೆ, ಪೂಜೆ ನೆಲದ ಮೇಲೆ, ಹಿರಿಯರಿಗೆ ನಮಸ್ಕಾರ ನೆಲ ಮುಟ್ಟಿ, ಶೌಚವೂ ಕುಕ್ಕುರುಗಾಲಿನಲ್ಲಿ. ಹೊಸ ಕೀಲಿನವನಿಗೆ ಅತಿಯಾಗಿ ಬಾಗುವುದು, ಚಕ್ಕಳಮಕ್ಕಳ ಹಾಕುವುದು, ಕುಕ್ಕುರುಗಾಲಿನಲ್ಲಿ ಕೂರುವುದು, ಇವುಗಳ ವಿಷಯದಲ್ಲಿ ಎಚ್ಚರಿಕೆ ಹೇಳುತ್ತಾರೆ. ಚೆಂಡು ಬಟ್ಟಲಿನಿಂದ ಜಾರುವ ಭಯವಿರುತ್ತದೆ. ಎತ್ತರದ ಕುರ್ಚಿಯೂ ಕಮೋಡೂ ಮನೆಯೊಳಗೆ ಸುಲಭವಾಗಿ ಬಂದವು. ಮನಸ್ಸಿನೊಳಗೆ ಬರಲು ತಡವಾಯಿತು.

ನನಗೆ ಅತ್ಯಂತ ಬಾಧೆ ಕೊಟ್ಟದ್ದು ಗಮಕದ ವಿಷಯ. ಹಲವು ವರ್ಷಗಳಿಂದ ನಾನು ಕುಮಾರವ್ಯಾಸಭಾರತದ ವಾಚನಗಳಿಗೆ ವ್ಯಾಖ್ಯಾನ ಹೇಳುತ್ತಿದ್ದೇನೆ. ಗಮಕಿಗಳೂ ವ್ಯಾಖ್ಯಾನಕಾರರೂ ಜಮಖಾನದ ಮೇಲೆ ಕುಳಿತು, ಎದುರಿಗೆ ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟುಕೊಳ್ಳುವುದು ಪದ್ಧತಿ. ಶಸ್ತ್ರಚಿಕಿತ್ಸೆಯ ಅನಂತರ ಬಂದ ಎರಡು ಆಹ್ವಾನಗಳಿಗೆ ಬರಲಾಗುವುದಿಲ್ಲವೆಂದು ಬರೆದೆ. ಗ್ರಂಥ ಕೆಳಗೆ, ನಾನು ಮೇಲೆ ಕುರ್ಚಿಯಲ್ಲಿ. ಇದು ಹೇಗೆ ಒಪ್ಪೀತು? ಮೂರನೆಯ ಸಲ ಆ ಹಿರಿಯ ಗಮಕಿಗಳೇ ಮನೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಆರೇಳು ವರ್ಷ ದೊಡ್ಡವರಾದ ಆಕೆ ನನ್ನ ಅಡ್ಡಿಯನ್ನು ಕೇಳಿ ನಕ್ಕು, “ಅದಕ್ಕೇನಂತೆ ಮೇಷ್ಟ್ರೇ, ನಾನೂ ಕುರ್ಚೀಲೇ ಕೂತ್ಕೋತೀನಿ. ಪುಸ್ತಕಕ್ಕೆ ಒಂದು ಮೇಜು ಹಾಕ್ಸೋಣ. ನಾರಣಪ್ಪ ನಮ್ಮಿಬ್ಬರಿಗಿಂತ ಎತ್ತರದಲ್ಲೇ ಇರ್ತಾನೆ ಬಿಡಿ” ಎಂದರು. ಹಾಗೆಯೇ ಆಯಿತು. ಮೇಜು ಬಂತು, ಅದರ ಮೇಲೆ ವ್ಯಾಸಪೀಠ, ಅದರ ಮೇಲೆ ಭಾರತ.

ಆ ಸಂಜೆ ಆಕೆ ಭಾಮಿನಿ ಷಟ್ಪದಿಗಳನ್ನು ಹಾಡುತ್ತಿದ್ದಾಗ, ತರಗತಿಯಲ್ಲಿ ನೂರಾರು ಸಲ ಹಲಗೆಯ ಮೇಲೆ ಬರೆದು ತೋರಿಸಿದ್ದ ಒಂದು ಸಂಗತಿ ನನಗೆ ಹೊಸದಾಗಿ ಹೊಳೆಯಿತು. ಭಾಮಿನಿಯ ಗಣಗಳು ಸಮನಲ್ಲ. ಮೂರು ಮಾತ್ರೆಯ ಗಣವೊಂದು, ಅದರ ಬೆನ್ನಿಗೇ ನಾಲ್ಕು ಮಾತ್ರೆಯ ಗಣವೊಂದು. ಮತ್ತೆ ಮೂರು, ಮತ್ತೆ ನಾಲ್ಕು. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಸಾಲುಗಳಾದರೂ ಸಮವೇ? ಎರಡು ಸಾಲು ಹದಿನಾಲ್ಕು ಮಾತ್ರೆ, ಮೂರನೆಯದು ಇಪ್ಪತ್ತಮೂರು. ಲೆಕ್ಕಕ್ಕೆ ನೋಡಿದರೆ ಇದು ಕುಂಟುವ ಪದ್ಯ. ಆದರೆ ಕನ್ನಡದಲ್ಲಿ ಕುರುಕ್ಷೇತ್ರದ ರಣವೂ ದ್ರೌಪದಿಯ ಅಳಲೂ ಕೃಷ್ಣನ ನಗೆಯೂ ಸಾಗಿದ್ದು ಈ ವಿಷಮ ಹೆಜ್ಜೆಗಳ ಮೇಲೆಯೇ. ಮೂರಾದ ಮೇಲೆ ನಾಲ್ಕು ತಪ್ಪದೆ ಬರುತ್ತದೆ. ಆ ನೇಮದಿಂದಲೇ ಅದಕ್ಕೆ ಲಯವೆಂದು ಹೆಸರು.

ಮಾರನೆಯ ಬೆಳಗ್ಗೆಯಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಎಣಿಸಿಕೊಂಡು ನಡೆಯತೊಡಗಿದೆ. ಬಲಗಾಲಿಗೆ ಮೂರು, ಎಡಗಾಲಿಗೆ ನಾಲ್ಕು. ಯುವತಿಗೆ ಹೇಳಿದರೆ, “ಎಣಿಸೋದು ಒಳ್ಳೇದೇ ಸಾರ್, ಲೆಕ್ಕ ಇದ್ರೆ ಕಾಲಿಗೆ ಧೈರ್ಯ ಬರುತ್ತೆ, ಆದ್ರೆ ನಿಧಾನವಾಗಿ ಮೂರನ್ನ ನಾಲ್ಕು ಮಾಡ್ಕೊಳ್ಳಿ” ಎಂದಳು. ಅದೇ ಈಗ ನನ್ನ ಸಾಧನೆ. ಕೆಲವು ದಿನ ಎರಡು ಹೆಜ್ಜೆಗಳೂ ಬಹುಮಟ್ಟಿಗೆ ಸಮವಾಗುತ್ತವೆ. ದಣಿದ ಸಂಜೆಗಳಲ್ಲಿ ಮತ್ತೆ ಭಾಮಿನಿಯೇ. ನೋವಿಗೆ ಮುಂಚೆ ನಿಲ್ಲುವುದು, ಕಲ್ಲುಬೆಂಚಿನ ಮೇಲೆ ಕೂರುವುದು, ಮತ್ತೆ ಹೊರಡುವುದು. ಹಟದಿಂದ ಒಂದು ದಿನ ಬಹಳ ನಡೆದು ಮೂರು ದಿನ ಮಲಗುವುದಕ್ಕಿಂತ, ದಿನವೂ ಇಷ್ಟಿಷ್ಟೇ ನಡೆಯುವುದು ಲೇಸು. ನೋಟ್‌ಬುಕ್ಕಿನಲ್ಲಿ ಆರು ಏಳು ಅಂಕ ಪಡೆಯುತ್ತಿದ್ದ ನೋವು ಈಗ ಎರಡು ಮೂರಕ್ಕೆ ಇಳಿದಿದೆ. ಸೊನ್ನೆಯಾಗಿಲ್ಲ; ಆಗುವುದೆಂದು ನನಗೆ ಯಾರೂ ಮಾತು ಕೊಟ್ಟಿಲ್ಲ. ಇನ್ನೊಂದು ಬಗೆಯ ಮಾತ್ರೆಗಳ ಮಾತನ್ನೂ ಇಲ್ಲಿ ಆಡಿಬಿಡಬೇಕು. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗುತ್ತಿದ್ದರೆ, ನಮ್ಮ ವಯಸ್ಸಿನಲ್ಲಿ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಛಂದಸ್ಸಿನ ಮಾತ್ರೆಗಳಿಗೆ ಆ ಭಯವಿಲ್ಲ.

ನನ್ನಂತೆಯೇ ಹೊಸ ಕೀಲನ್ನೂ ಹಳೆಯ ನೋವನ್ನೂ ಹೊತ್ತು ಈ ಮಾತುಗಳನ್ನು ಕೇಳುತ್ತಿರುವವರಿಗೆ ನಾನು ಹೇಳುವುದಿಷ್ಟೆ: ನೀವು ಕೃತಘ್ನರಲ್ಲ, ನಿಮ್ಮ ನೋವು ಕಲ್ಪನೆಯಲ್ಲ. ಅದನ್ನು ಅಳೆಯಿರಿ, ಬರೆಯಿರಿ, ಕೇಳುವ ವೈದ್ಯರಿಗೆ ಹೇಳಿ. ಕಾರಣವಿದ್ದರೆ ಹುಡುಕಿಸಿ, ಕಾರಣ ಸಿಗದಿದ್ದರೂ ಸ್ನಾಯುವಿಗೆ ಕೆಲಸ ಕೊಡಿ, ಕೈಗೆ ಕೋಲು ಕೊಡಿ. ಕುರ್ಚಿ ಬೇಕಾದ ಕಡೆ ಕುರ್ಚಿ ಕೇಳಿ. ಕುರ್ಚಿ ಇಲ್ಲವೆಂದು ಸಭೆಯನ್ನು ಬಿಡಬೇಡಿ.

ಇಂಥವರ ಮನೆಯಲ್ಲಿರುವವರಿಗೂ ಒಂದು ಮಾತು. “ಇನ್ನೂ ಸರಿಹೋಗಲಿಲ್ಲವೇ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಇಲ್ಲ ಎಂಬುದೊಂದೇ ಉತ್ತರ. ಅದನ್ನು ದಿನಕ್ಕೆ ಹತ್ತು ಸಲ ಹೇಳುವುದು ಯಾರಿಗೂ ಸುಖವಲ್ಲ. “ಇವತ್ತು ಎಷ್ಟು ದೂರ ಹೋಗಿದ್ದಿರಿ?” ಎಂದು ಕೇಳಿ. ಅದಕ್ಕೆ ಹೇಳಿಕೊಳ್ಳುವಂಥ ಉತ್ತರ ದಿನವೂ ಒಂದಲ್ಲ ಒಂದು ಇರುತ್ತದೆ. ಅವರ ಜೊತೆಗೆ ಹೊರಟಾಗ ನಿಮ್ಮ ಹೆಜ್ಜೆಯನ್ನು ಒಂದಿಷ್ಟು ಗಿಡ್ಡ ಮಾಡಿಕೊಳ್ಳಿ. ನಾಲ್ಕು ಮಾತ್ರೆಯವರು ಮೂರು ಮಾತ್ರೆಯವರಿಗಾಗಿ ಒಂದು ಮಾತ್ರೆಯಷ್ಟು ಕಾದರೆ ಸಾಕು, ಇಬ್ಬರೂ ಒಂದೇ ಹೊತ್ತಿಗೆ ಮನೆ ಸೇರುತ್ತಾರೆ.